ಜಯಮ್ಮನ ಮನೆಯ ಎರಡನೇ ತಟ್ಟೆ

ಹೋದ ವಾರ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಅರ್ಧ ದಾರಿಯಲ್ಲಿ ಯಾವುದೋ ಆಲೆಮನೆಯಲ್ಲಿ ಬೆಲ್ಲ ಕುದಿಯುತ್ತಿತ್ತು. ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗರಳಿಸಿದಳು. ನಾನು ಕಿಟಕಿ ಎಳೆದು ಮುಚ್ಚಿದೆ.

"ಯಾಕಕ್ಕ, ಬೆಲ್ಲದ್ ವಾಸ್ನೆ ಆಗಾಕಿಲ್ವಾ ನಿಮ್ಗೆ?" ಎಂದಳು.

ಆಗುವುದಿಲ್ಲ ಎಂದೆ. ಕೆರಗೋಡಿನಲ್ಲಿ ಹುಟ್ಟಿ, ಮಂಡ್ಯದಲ್ಲಿ ಸಂಸಾರ ಮಾಡಿಕೊಂಡು, ಬೆಲ್ಲದ ವಾಸನೆ ಆಗುವುದಿಲ್ಲ ಅನ್ನುವವಳು ಇಡೀ ಜಿಲ್ಲೆಗೆ ನಾನೊಬ್ಬಳೇ ಇರಬೇಕು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಆ ಕಡೆ ತಿರುಗಿಕೊಂಡಳು. ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಹೊರಟಿತು. ಆ ಸ್ಟಾಪಿನಲ್ಲಿ ನಾನು ಒಂದು ಕಾಲದಲ್ಲಿ ದಿನಾ ಇಳಿಯುತ್ತಿದ್ದೆ. ಊರಿನ ಹೆಸರು ಬೇಡ.

ಅದು ಕೆಲವು ವರ್ಷಗಳ ಹಿಂದಿನ ಮಾತು. ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದ ನನಗೆ ಒಂದು ಅಧ್ಯಯನದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಸಕ್ಕರೆ ಕಾಯಿಲೆ ಇರುವವರು ಬಾಯಿ ಕಟ್ಟುತ್ತಾರೋ ಇಲ್ಲವೋ, ಕಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಅಳೆಯುವ ಅಧ್ಯಯನ. ನನ್ನ ಚೀಲದಲ್ಲಿ ಇಪ್ಪತ್ತೊಂದು ಪ್ರಶ್ನೆಗಳ ಹಾಳೆ, ಬೆರಳು ಚುಚ್ಚಿ ಸಕ್ಕರೆ ನೋಡುವ ಪುಟ್ಟ ಯಂತ್ರ, ಊಟ ತೂಗುವ ಅಂಗೈಯಗಲದ ತಕ್ಕಡಿ ಇರುತ್ತಿದ್ದವು. ಪ್ರತಿ ಪ್ರಶ್ನೆಗೂ ನಾಲ್ಕೇ ಉತ್ತರ: ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ. ಕೊನೆಗೆ ಕೂಡಿದರೆ ಒಬ್ಬ ಮನುಷ್ಯನ ನಾಲಿಗೆ ಎಷ್ಟು ಅವನ ಮಾತು ಕೇಳುತ್ತದೆ ಎಂದು ಅಂಕಿಯಲ್ಲಿ ಬರುತ್ತಿತ್ತು.

ನಮ್ಮ ಜನ ಆ ಹಾಳೆಗೆ ಕೊಟ್ಟ ಮರ್ಯಾದೆ ಅಷ್ಟಕ್ಕಷ್ಟೇ. "ಹಸಿವಿಲ್ಲದಿದ್ದರೂ ಮುಂದೆ ಊಟ ಇದ್ದರೆ ತಿನ್ನುತ್ತೀರಾ?" ಎಂದು ದುದ್ದದಲ್ಲಿ ಒಬ್ಬ ಮುದುಕರನ್ನು ಕೇಳಿದರೆ, "ಇಕ್ಕುದ್ಮೇಲೆ ಉಣ್ದೆ ಎದ್ದೋದ್ರೆ ಇಕ್ಕಿದೋಳು ಸುಮ್ಕಿದ್ದಾಳಾ?" ಎಂದು ನನ್ನನ್ನೇ ಗದರಿದರು. "ಬೇಸರವಾದಾಗ ಹೆಚ್ಚು ತಿನ್ನುತ್ತೀರಾ?" ಎಂದರೆ ಅವರ ಹೆಂಡತಿ, "ಬ್ಯಾಸ್ರ ಪಡಕ್ಕೆ ಪುರ್ಸೊತ್ತೆಲ್ಲದೆ ಮಗ?" ಎಂದರು. ಹೋದ ಮನೆಯಲ್ಲೆಲ್ಲ ಉಣ್ಣದೆ ಬಿಡುತ್ತಿರಲಿಲ್ಲ. ಬಾಯಿ ಕಟ್ಟುವ ಅಧ್ಯಯನಕ್ಕೆ ಹೋದ ನಾನು ಎರಡೇ ತಿಂಗಳಲ್ಲಿ ರವಿಕೆಗಳ ಹೊಲಿಗೆ ಬಿಚ್ಚಿಸಿದೆ. ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಮೂರನೇ ಪ್ರಶ್ನೆಗೇ ಕಂಡುಹಿಡಿಯುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಜಯಮ್ಮ ಸಿಕ್ಕಿದ್ದು ಶ್ರಾವಣದಲ್ಲಿ. ಅರವತ್ತರ ಹತ್ತಿರದ ವಯಸ್ಸು, ಒಣಕಲು ಮೈ, ಕಡ್ಡಿ ಮುರಿದ ಹಾಗೆ ಮಾತು. ಗಂಡ ಪುಟ್ಟಸ್ವಾಮಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೇ. ಮನೆಯಲ್ಲಿ ಹಗಲೆಲ್ಲ ಅತ್ತೆ ಮತ್ತು ಸೊಸೆ ಸವಿತಾ. ನಾಟಿ ಹಾಕುವಾಗ ಜಯಮ್ಮನ ಎಡಗಾಲಿಗೆ ಗದ್ದೆಯಲ್ಲಿ ಏನೋ ಚುಚ್ಚಿತ್ತು. ಗಾಯ ಮಾಯದೆ ಕಿರುಬೆರಳಿಂದ ಮೇಲಕ್ಕೆ ಕಪ್ಪು ಹತ್ತುತ್ತಿತ್ತು.

ಅವರ ಹಾಳೆ ತುಂಬಿಸಿ ನಾನು ಬೆರಗಾದೆ. ಹೆಚ್ಚು ತಿನ್ನುತ್ತೀರಾ, ಎಂದೂ ಇಲ್ಲ. ಸಿಹಿ ಕಂಡರೆ ಆಸೆಯಾಗುತ್ತದಾ, ಎಂದೂ ಇಲ್ಲ. ತಿಂದದ್ದು ಗೊತ್ತಾಗದ ಹಾಗೆ ತಿಂದದ್ದುಂಟಾ? "ಅದೆಂಗ್ ಗೊತ್ತಾಗಕಿಲ್ಲ? ನಾನೇನ್ ಗ್ಯಾನ ಇಲ್ದೋಳಾ?" ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ. ಇಡೀ ಅಧ್ಯಯನದಲ್ಲಿ ಅಂಥ ಹಾಳೆ ಇನ್ನೊಂದಿರಲಿಲ್ಲ. ಅವರ ಕಣ್ಣಲ್ಲಿ ಸುಳ್ಳಿನ ಸುಳಿವೂ ಇರಲಿಲ್ಲ. ಆಮೇಲೆ ಬೆರಳು ಚುಚ್ಚಿದೆ. ಯಂತ್ರದಲ್ಲಿ ಮುನ್ನೂರರ ಮೇಲೆ ಬಂತು. ಮರುವಾರವೂ ಅಷ್ಟೇ, ಅದರ ಮರುವಾರ ಇನ್ನೂ ಹೆಚ್ಚು. ಮಾತ್ರೆ ಬದಲಾಯಿಸಿದರು, ಸೂಜಿ ಶುರು ಮಾಡಿದರು, ಇಳಿಯಲಿಲ್ಲ.

ಭಾದ್ರಪದದ ನಡುವಿಗೆ ಬರುವಷ್ಟರಲ್ಲಿ ಡಾಕ್ಟರು ಗಡುವು ಕೊಟ್ಟರು. ಮೂರು ವಾರದೊಳಗೆ ಸಕ್ಕರೆ ಹತೋಟಿಗೆ ಬಂದರೆ ಬೆರಳೊಂದು ಹೋಗುತ್ತದೆ. ಬಾರದಿದ್ದರೆ ಹಿಮ್ಮಡಿಯ ಮೇಲಕ್ಕೆ ಕಾಲೇ ತೆಗೆಯಬೇಕು.

ಸವಿತಾ ಅಳುತ್ತಾ ಇದನ್ನು ಹೇಳಿದಳು. ಜಯಮ್ಮ ಅಳಲಿಲ್ಲ. "ಕಾಲಿಲ್ದಿದ್ರೆ ನಿಮ್ ಮಾವನ್ ಗುಡ್ಡೆ ತಾವ್ಕೆ ಎಂಗವ್ವ ಓಗದು?" ಎಂದರು, ಸೊಸೆಯ ಕಡೆ ತಿರುಗಿ. ಪುಟ್ಟಸ್ವಾಮಿಯನ್ನು ಮಣ್ಣು ಮಾಡಿದ್ದು ಅವರದೇ ಹೊಲದಲ್ಲಿ, ನಾಲೆಯ ಆಚೆ. ಜಯಮ್ಮ ದಿನಾ ಬೆಳಗ್ಗೆ ಆ ಕಾಲೆಳೆದುಕೊಂಡೇ ಅಲ್ಲಿಗೆ ಹೋಗಿ ಬರುತ್ತಿದ್ದರು.

ಅಧ್ಯಯನ ನಡೆಸುತ್ತಿದ್ದ ನಮ್ಮ ಮೇಡಂಗೆ ಫೋನು ಮಾಡಿದೆ. "ಸುಳ್ಳು ಹೇಳ್ತಿದ್ದಾರಮ್ಮ, ಅಷ್ಟೇ. ಆ ಹಾಳೆ ತೆಗೆದಿಡಿ" ಎಂದರು. ನನಗೆ ರೋಷ ಬಂತು. ಮೂರನೇ ಪ್ರಶ್ನೆಗೇ ಸುಳ್ಳು ಹಿಡಿಯುವವಳ ಮೇಲೆ ಈ ಆರೋಪವೇ? ಮರುದಿನ ಹೇಳದೆ ಕೇಳದೆ ಮಧ್ಯಾಹ್ನ ಊಟದ ಹೊತ್ತಿಗೆ ಆ ಮನೆಗೆ ಹೋಗಿ ನಿಂತೆ.

ಜಯಮ್ಮ ಎರಡು ತಟ್ಟೆ ಬಡಿಸುತ್ತಿದ್ದರು. ಒಂದರಲ್ಲಿ ಅರ್ಧ ಮುದ್ದೆ, ಸೊಪ್ಪಿನ ಸಾರು. ಅದು ಅವರದು, ನಾನೇ ತೂಗಿ ಗೊತ್ತು ಮಾಡಿದ ಲೆಕ್ಕ. ಇನ್ನೊಂದರಲ್ಲಿ ಬಿಸಿ ಅನ್ನದ ಗುಡ್ಡೆ, ಅದರ ನೆತ್ತಿಯಲ್ಲಿ ತುಪ್ಪ, ಪಕ್ಕದಲ್ಲಿ ಮುಷ್ಟಿಗಾತ್ರದ ಬೆಲ್ಲ. ಆ ತಟ್ಟೆ ಹಿಡಿದುಕೊಂಡು ಪಕ್ಕದ ಕಿರುಕೋಣೆಗೆ ಹೋಗಿ ಅಗುಳಿ ಹಾಕಿಕೊಂಡರು.

"ಮಾವಂಗೆ ಎಡೆ" ಎಂದಳು ಸವಿತಾ, ತಗ್ಗಿದ ದನಿಯಲ್ಲಿ.

ತೀರಿಹೋದವರಿಗೆ ವರ್ಷಕ್ಕೊಮ್ಮೆ, ಪಿತೃಪಕ್ಷದಲ್ಲಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುವುದು ನಮ್ಮ ಮನೆಯಲ್ಲೂ ಇದೆ. ಆಮೇಲೆ ಬಾಗಿಲು ತೆಗೆದು ಮನೆಯವರೇ ಆ ಎಡೆ ಉಣ್ಣಬೇಕು. ಬಿಸಾಡುವ ಹಾಗಿಲ್ಲ.

"ದಿನಾ ಇಡ್ತಾರಾ?"

"ಎರಡ್ ವರ್ಸದಿಂದ. ನಾನ್ ಒಳೀಕ್ ಓಗಂಗಿಲ್ಲ ಕಣಕ್ಕ. ಬಾಗ್ಲು ತೆಗೆದಾಗ ತಟ್ಟೆ ತೊಳ್ದಂಗಿರ್ತದೆ. ಇಂದ್ಗಡೆ ಬಾಗ್ಲಿಂದ ದನಕ್ ಆಕ್ತಾರೇನೋ ಅನ್ಕಂಡಿದ್ದೆ. ಆ ರೂಮ್ಗೆ ಇಂದ್ಗಡೆ ಬಾಗ್ಲೇ ಇಲ್ಲ ಅಂತ ಆಮ್ಯಾಕ್ ಗ್ಯಪ್ಕ ಆಯ್ತು."

ಸ್ವಲ್ಪ ಹೊತ್ತಿಗೆ ಜಯಮ್ಮ ಹೊರಗೆ ಬಂದರು. ತಟ್ಟೆಯಲ್ಲಿ ಒಂದಗುಳೂ ಇರಲಿಲ್ಲ. ನನ್ನನ್ನು ನೋಡಿ ಬೆಚ್ಚಲೂ ಇಲ್ಲ, ಬಚ್ಚಿಡಲೂ ಇಲ್ಲ. "ಉಂಡ್ರು" ಎಂದರು ಸಮಾಧಾನವಾಗಿ. ಆಮೇಲೆ ತಮ್ಮ ಅರ್ಧ ಮುದ್ದೆಯ ಮುಂದೆ ಕೂತರು. ತಿನ್ನಲಾಗದೆ ಕಾಲುಭಾಗ ಬಿಟ್ಟರು.

ನನಗೆ ಆಗ ಎಲ್ಲ ಅರ್ಥವಾಯಿತು ಅನ್ನಿಸಿತು. ಎಡೆ ಉಂಡದ್ದು ಅವರ ಲೆಕ್ಕದಲ್ಲಿ ಊಟವೇ ಅಲ್ಲ, ಅದು ಗಂಡನ ಊಟ. ಹಾಗಾಗಿ ಹಾಳೆಯಲ್ಲಿ ಬರೆಸಿಲ್ಲ. ಪಾಪ, ಸುಳ್ಳೂ ಹೇಳಿಲ್ಲ. ನಮ್ಮ ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಸತ್ತವರ ತಟ್ಟೆಯ ಬಗ್ಗೆ ಒಂದೂ ಇರಲಿಲ್ಲವಲ್ಲ ಎಂದು ನಗುವೂ ಬಂತು. ನಾಳೆ ಆ ಎಡೆಯನ್ನು ತೂಗುತ್ತೇನೆ, ಒಳಗೇ ಕೂತು ನೋಡುತ್ತೇನೆ ಎಂದೆ. ಜಯಮ್ಮ ಬೇಡ ಅನ್ನಲಿಲ್ಲ. "ಕುಂತ್ಕೊ. ಉಣ್ಣೋರ್ನ ಮಾತಾಡುಸ್ಬ್ಯಾಡ, ಅಸ್ಟೆ."

ಮರುದಿನ ಮಳೆ ಹಿಡಿದಿತ್ತು. ಕಿರುಕೋಣೆಯಲ್ಲಿ ಒಂದು ಮಂಚ, ಕೈಯಗಲದ ಕಿಟಕಿ, ನೆಲದಲ್ಲಿ ಚಾಪೆ. ಪುಟ್ಟಸ್ವಾಮಿ ಕೊನೆಯ ವರ್ಷ ಮಲಗಿದ್ದು ಅಲ್ಲೇ. ನಾನು ಎಡೆ ತೂಗಿ ಬರೆದುಕೊಂಡು ಗೋಡೆಗೊರಗಿ ಕೂತೆ. ಜಯಮ್ಮ ತಟ್ಟೆ ಚಾಪೆಯ ಮುಂದಿಟ್ಟು, ಕೈ ಮುಗಿದು, ಕಣ್ಣು ಮುಚ್ಚಿದರು. ಹೊರಗೆ ಹಂಚಿನಿಂದ ನೀರು ಸುರಿಯುತ್ತಿತ್ತು. ಐದು ನಿಮಿಷ ಏನೂ ಆಗಲಿಲ್ಲ.

ಆಮೇಲೆ ಅವರು ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿ, ಗಂಡಸರು ಕೂರುವ ಹಾಗೆ ಚಕ್ಕಳಮಕ್ಕಳ ಹಾಕಿದರು. ಎಡಗಾಲ ಗಾಯ ನೆಲಕ್ಕೆ ಒತ್ತುತ್ತಿತ್ತು. ಅವರಿಗೆ ನೋವಿದ್ದ ಹಾಗೆ ಕಾಣಲಿಲ್ಲ. ಉಂಗುರದಿಂದ ತಟ್ಟೆಯ ಅಂಚನ್ನು ಟಕಟಕ ಬಡಿದು ಉಣ್ಣತೊಡಗಿದರು. ತುತ್ತು ದೊಡ್ಡದು, ಅವಸರದ್ದು. ಗಂಟಲಿನಿಂದ ಒಂದು ಗೊರಗೊರ ಸದ್ದು ಬರುತ್ತಿತ್ತು.

ಹೆದರಿಕೆಯಾದಾಗ ಮನುಷ್ಯರು ಗೊತ್ತಿರುವ ಕೆಲಸಕ್ಕೆ ಕೈ ಹಾಕುತ್ತಾರೆ. ನನಗೆ ಗೊತ್ತಿದ್ದದ್ದು ಒಂದೇ. ಮಾತಾಡಿಸಬೇಡ ಅಂದದ್ದು ಮರೆತುಹೋಯಿತು. ಚೀಲದಿಂದ ಹಾಳೆ ತೆಗೆದು ಮೊದಲನೇ ಪ್ರಶ್ನೆ ಓದಿದೆ. "ಹೊಟ್ಟೆ ತುಂಬಿದ ಮೇಲೂ ತಿನ್ನುತ್ತೀರಾ?"

"ಯಾವಾಗ್ಲೂವೆ."

ದನಿ ಜಯಮ್ಮನದಲ್ಲ ಎಂದು ಆಣೆ ಮಾಡಿ ಹೇಳಲಾರೆ. ಜಯಮ್ಮನದು ಎಂದೂ ಹೇಳಲಾರೆ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಸಿಹಿ ಕಂಡರೆ ಆಸೆಯಾಗುತ್ತದಾ? ಯಾವಾಗ್ಲೂವೆ. ಕದ್ದು ತಿಂದದ್ದುಂಟಾ? ಯಾವಾಗ್ಲೂವೆ. ಇಪ್ಪತ್ತೊಂದೂ ಮುಗಿದಾಗ ನನ್ನ ಕೈಯಲ್ಲಿದ್ದದ್ದು ನಾಲಿಗೆಯ ಮೇಲೆ ಎಳ್ಳಷ್ಟೂ ಹಿಡಿತವಿಲ್ಲದ ಮನುಷ್ಯನ ಹಾಳೆ. ಹಾಳೆಯಲ್ಲಿ ಇಲ್ಲದ ಒಂದನ್ನು ನಾನೇ ಸೇರಿಸಿ ಕೇಳಿದೆ. "ತಿನ್ನೋದನ್ನ ಯಾವಾಗ ನಿಲ್ಲಿಸ್ತೀರಿ?"

ಕೈ ತಟ್ಟೆಯಲ್ಲೇ ನಿಂತಿತು. "ಅವ್ಳು ತಟ್ಟೆ ಕಿತ್ಕಂಡಾಗ."

ಉಳಿದ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಬೆರಳುಗಳನ್ನು ಒಂದೊಂದಾಗಿ ನೆಕ್ಕಿ, ಗೋಡೆಯ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಿದಾಗ ಸೀರೆ ಸರಿಮಾಡಿಕೊಳ್ಳುತ್ತಾ, ನೋವಿಗೆ ಮುಖ ಕಿವುಚುತ್ತಾ, "ನೋಡ್ದಾ, ಉಂಡವ್ರೆ" ಎಂದರು.

ಸವಿತಾ ಆವತ್ತು ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡಲು ಬಂದಳು. ಪುಟ್ಟಸ್ವಾಮಿಗೂ ಸಕ್ಕರೆ ಕಾಯಿಲೆ ಇತ್ತಂತೆ. ಬೆಲ್ಲವೆಂದರೆ ಪ್ರಾಣ. ಜಯಮ್ಮ ಬೆಲ್ಲದ ಡಬ್ಬಿಗೆ ಬೀಗ ಹಾಕಿ, ಮುದ್ದೆಯನ್ನು ದಾರದಲ್ಲಿ ಕೊಯ್ದು ಅರ್ಧ ಬಡಿಸಿ, ಇನ್ನೊಂದು ತುತ್ತಿಗೆ ಕೈ ಚಾಚಿದರೆ ತಟ್ಟೆ ಎತ್ತಿಕೊಂಡುಬಿಡುತ್ತಿದ್ದರಂತೆ. ಕೊನೆಯ ದಿನ ಮಧ್ಯಾಹ್ನ ಪುಟ್ಟಸ್ವಾಮಿ ಒಂದು ಚೂರು ಬೆಲ್ಲ ಕೇಳಿದರು. ಬಯ್ಗಾಗ್ಲಿ, ಸಕ್ಕರೆ ನೋಡಿ ಕೊಡ್ತೀನಿ ಎಂದರಂತೆ ಜಯಮ್ಮ. ಸಂಜೆಗೆ ಆತ ಇರಲಿಲ್ಲ.

ಇದನ್ನೆಲ್ಲ ಮೇಡಂಗೆ ಹೇಳಿದೆ. ಮನೋವೈದ್ಯರ ಹತ್ತಿರ ಕಳಿಸಿ ಎಂದರು, ಸರಿಯಾದ ಮಾತೇ. ಸಿಕ್ಕ ದಿನ ಮಾತ್ರ ಒಂದು ತಿಂಗಳಾಚೆಯದು. ಕಾಲಿಗೆ ಅಷ್ಟು ಪುರುಸೊತ್ತಿರಲಿಲ್ಲ. ಎಡೆ ನಿಲ್ಲಿಸಿ ಎಂದು ಜಯಮ್ಮನಿಗೆ ಕೈ ಮುಗಿದೆ. ಅವರು ಸಿಡಿದುಬಿದ್ದರು. "ಇದ್ದಾಗ್ಲೂ ಉಪಾಸ ಕೆಡುವ್ದೆ. ಸತ್ಮ್ಯಾಕೂ ಕೆಡುವ್ಲಾ? ಯಾವ್ ಬಾಯಲ್ ಏಳ್ತಿಯೇ?"

ಆಗ ನಾನು ಆ ಮಾತು ಆಡಿದೆ. ಆಡಬಾರದಿತ್ತೇನೋ. "ಎಡೆ ನಿಲ್ಲಿಸಬೇಡಿ. ನೀವು ಇಡಿ, ಉಣ್ಣೋದು ನಾನು ಉಣ್ತೀನಿ."

"ಮನೆ ಮಕ್ಳು ಉಣ್ಣದು ಅದು."

"ಎರಡು ತಿಂಗಳಿಂದ ಮಗಳೇ ಅಂತ ಕರೀತಿದ್ದೀರಲ್ಲ, ಬಾಯಿಮಾತಿಗಾ?"

ಅವರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಒಳಗೆ ಹೋಗಿ ಅಕ್ಕಿ ತೊಳೆದರು.

ಅದು ಸರಿಯಾಗಿ ಪಿತೃಪಕ್ಷದ ಕಾಲ. ಊರಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ದಿನ ಹಿರಿಯರ ಹಬ್ಬ. ಯಾವ ಬೀದಿಗೆ ಹೋದರೂ ಮಸಾಲೆ ಅರೆಯುವ ವಾಸನೆ, ಮುಚ್ಚಿದ ಒಂದು ಬಾಗಿಲು, ಹೊರಗೆ ಜಗಲಿಯ ಮೇಲೆ ಮಾತಿಲ್ಲದೆ ಕಾಯುತ್ತ ಕೂತ ಜನ. ನಾನು ದಿನಾ ಹನ್ನೆರಡರ ಹೊತ್ತಿಗೆ ಬಸ್ಸಿಳಿದು ಅವರ ನಡುವೆ ನಡೆದು ಹೋಗುತ್ತಿದ್ದೆ. ಯಾರೂ ಮಾತಾಡಿಸುತ್ತಿರಲಿಲ್ಲ. ಮೊದಮೊದಲು ಜಯಮ್ಮನ ಮನೆಯ ಹುಡುಗಿ ಎಂದು ನಗುತ್ತಿದ್ದವರು ಆಮೇಲೆ ದಾರಿ ಬಿಟ್ಟು ಸರಿಯತೊಡಗಿದರು.

ಹದಿನಾಲ್ಕು ಮಧ್ಯಾಹ್ನ ಆ ಚಾಪೆಯ ಮೇಲೆ ಕೂತು ಉಂಡೆ. ಜಯಮ್ಮ ಬಾಗಿಲಾಚೆ. ಮೊದಲ ನಾಲ್ಕು ದಿನ ಅದೊಂದು ಶಿಕ್ಷೆ. ಅಷ್ಟು ಬೆಲ್ಲ ತಿಂದು ವಾಕರಿಕೆ ಬರುತ್ತಿತ್ತು. ಐದನೇ ದಿನ ತಟ್ಟೆಯ ಮುಂದೆ ಕೂತದ್ದು ನೆನಪಿದೆ, ಖಾಲಿ ತಟ್ಟೆ ನೋಡಿದ್ದು ನೆನಪಿದೆ, ನಡುವಿನದು ಇಲ್ಲ. ಸುಸ್ತು, ದಿನಾ ಬಸ್ಸಿನ ಓಡಾಟ ಎಂದುಕೊಂಡೆ. ಏಳನೇ ದಿನ ರಾಗಿ ಮುದ್ದೆಯ ಮುಂದೆ ಮನೆಯಲ್ಲಿ ಕೂತಿದ್ದಾಗ ನನ್ನ ಗಂಡ ಮಹೇಶ, "ಅದ್ಯಾಕೆ ತಟ್ಟೆ ಬಡೀತಿಯಾ? ಬೇಕಾದ್ರೆ ಬಾಯಲ್ಲಿ ಕೇಳು" ಎಂದ. ನಾನು ಬಡಿದಿರಲಿಲ್ಲ. ಬಡಿದೆ ಎಂದು ಅವನು ಹಟ ಹಿಡಿದ. ಹತ್ತನೇ ದಿನ ಬಾಗಿಲು ತೆಗೆದಾಗ ಸವಿತಾ ಹಜಾರದ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ಅಕ್ಕ, ಒಳಗಡೆ ಬೆಲ್ಲ ಕೇಳುದ್ರಿ. ಎಲ್ಡ್ ಸತಿ" ಎಂದಳು. ಜಯಮ್ಮ ಅಲ್ಲೇ ಇದ್ದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಇದ್ದದ್ದು ಹೊಟ್ಟೆಕಿಚ್ಚು. ಆವತ್ತು ನನಗೆ ಅದು ಹೊಳೆಯಲಿಲ್ಲ.

ನನಗೆ ಹೊಳೆಯುತ್ತಿದ್ದದ್ದು ಯಂತ್ರದ ಅಂಕಿಯೊಂದೇ. ಮುನ್ನೂರು ಇದ್ದದ್ದು ಇನ್ನೂರಕ್ಕೆ ಬಂತು, ಆಮೇಲೆ ಅದಕ್ಕೂ ಕೆಳಗೆ. ಕಾಲಿನ ಕಪ್ಪು ಏರುವುದು ನಿಂತಿತು. ಗಡುವಿನ ದಿನ ಡಾಕ್ಟರು ಕಿರುಬೆರಳು ತೆಗೆದು ಕಾಲನ್ನು ಉಳಿಸಿದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಸವಿತಾ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಜೀವನದಲ್ಲಿ ಒಂದು ಸಲವಾದರೂ ನನ್ನ ಓದು ಒಬ್ಬರಿಗೆ ಉಪಯೋಗಕ್ಕೆ ಬಂತು ಎಂದು ಹಿಗ್ಗಿಹೋದೆ.

ಅಧ್ಯಯನ ಮುಗಿದದ್ದು ದೀಪಾವಳಿಯ ಆಚೆ. ಕೊನೆಯ ಸಲ ಹೇಳಿಬರೋಣವೆಂದು ಹೋದೆ. ಗದ್ದೆಯಲ್ಲಿ ತೆನೆ ಬಾಗಿತ್ತು. ಮಳೆ ಸಂಪೂರ್ಣ ಬಿಟ್ಟು ಒಣ ಗಾಳಿ ಬೀಸುತ್ತಿತ್ತು. ಸವಿತಾ ತವರಿಗೆ ಹೋಗಿದ್ದಳು. ಜಯಮ್ಮ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಗಾಯ ಮಾಯ್ದು ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಎಷ್ಟು ಚೆನ್ನಾಗಿ ವಾಸಿಯಾಗಿದೆ ಎಂದೆ. ಅವರು ಕೂರು ಎಂದು ಹೇಳಲಿಲ್ಲ.

"ಬರ್ನೇ ಇಲ್ಲ ಅವ್ರು" ಎಂದರು. "ಆಸ್ಪತ್ರೆಯಿಂದ ಬಂದ್ ದಿನದಿಂದ ಎಡೆ ಇಕ್ತಾವ್ನಿ. ಇಟ್ಟಿದ್ದು ಇಟ್ಟಂಗೇ ಇರ್ತದೆ. ಇರ್ವೆ ಮುತ್ಕತದೆ."

ಅವರಿಗೆ ಶಾಂತಿ ಸಿಕ್ಕಿರಬಹುದು ಎಂದೇನೋ ತೊದಲಿದೆ.

"ಸಾಂತಿಯಂತೆ! ಅವ್ರ್ ಅಸಿವು ನಂಗೊತ್ತಿಲ್ವಾ?" ಜಯಮ್ಮ ನನ್ನ ಹೊಟ್ಟೆಯನ್ನು ದಿಟ್ಟಿಸುತ್ತಿದ್ದರು. "ನಾನ್ ಇಕ್ಕುದ್ದೇ ಸಾಲ್ದು ಅಂತ ನಿನ್ ಕೈಲಿ ಉಂಡ್ರು. ರುಚಿ ಅತ್ಬುಡ್ತು. ನಿನ್ ಇಂದೇನೇ ಒಂಟೋದ್ರು."

"ಅಮ್ಮ, ಕಾಲು ಉಳೀತಲ್ಲಮ್ಮ."

"ಉಳೀತು ಕಣವ್ವ. ನಿನ್ ಉಪ್ಕಾರ. ಕಾಲ್ ಇಟ್ಕಂಡ್ ಏನ್ ಮಾಡ್ಲಿ? ಗುಡ್ಡೆ ತಾವ್ಕೆ ದಿನಾ ಓಯ್ತೀನಿ, ಅಲ್ಲಿ ಬರೀ ಮಣ್ಣದೆ." ನೀಡಿದ್ದ ಕಾಲನ್ನು ಮಡಿಚಿಕೊಂಡರು. "ಇನ್ಮ್ಯಾಕೆ ಸುಮ್ಕೆ ಇಟ್ಬುಟ್ ಕಾಯಕಿಲ್ಲ. ನಾನೇ ಕುಂತ್ಕಂಡ್ ಉಣ್ತೀನಿ. ಬರೋಗಂಟ ಉಣ್ತೀನಿ. ಬೆಲ್ಲ ಎಸ್ಟಾದ್ರೂ ಆಗ್ಲಿ, ಕಾಲ್ ಎಲ್ಗಾದ್ರೂ ಓಗ್ಲಿ. ನೀನ್ ಮಾತ್ರ ಈ ಕಡೀಕ್ ಬರ್ಬ್ಯಾಡ. ನೀನಿದ್ರೆ ಅವ್ರು ನಂತಾವ್ಕೆ ಬರಕಿಲ್ಲ."

ಗೋಡೆ ಹಿಡಿಯದೆ ಎದ್ದರು. ಎರಡೂ ಕಾಲ ಮೇಲೆ ಭಾರ ಬಿಟ್ಟು, ಒಂದಿಷ್ಟೂ ಕುಂಟದೆ, ಅಡುಗೆಮನೆಗೆ ನಡೆದು ಹೋದರು. ಅಷ್ಟು ಚೆನ್ನಾಗಿ ನಡೆಯುವುದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದೆ ಓಡಿಹೋಗಿ ಕೈ ಹಿಡಿಯಬೇಕು, ಮಗ ಬರುವವರೆಗೆ ಕೂತಿದ್ದು ಅವನಿಗೆ ಹೇಳಬೇಕು ಎಂದುಕೊಂಡೆ. ಒಳಗೆ ಬೆಲ್ಲ ಜಜ್ಜುವ ಸದ್ದು ಶುರುವಾಯಿತು. ಆಮೇಲೆ ಬಿಸಿ ಅನ್ನಕ್ಕೆ ತುಪ್ಪ ಬಿದ್ದ ವಾಸನೆ ಜಗಲಿಗೆ ಬಂತು.

ಮದ್ದೂರಿನಲ್ಲಿ ಹೊಟ್ಟೆ ತುಂಬ ಉಂಡು ಬಂದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ನನಗೆ ಹಸಿವಾಯಿತು. ಅಂಥ ಹಸಿವನ್ನು ನಾನು ಹಿಂದೆ ಕಂಡಿರಲಿಲ್ಲ, ಕಣ್ಣು ಕತ್ತಲೆ ಬಂತು. ನೋಡಿಕೊಂಡರೆ ಒಂದು ಚಪ್ಪಲಿ ಆಗಲೇ ಬಿಟ್ಟಾಗಿತ್ತು, ಬಲಗಾಲು ಹೊಸಿಲ ಮೇಲಿತ್ತು. ಅವರ ಮಗನಿಗೆ ಹೇಳಲು ನಾನು ನಿಲ್ಲಲಿಲ್ಲ. ಚಪ್ಪಲಿಯನ್ನು ಕೈಗೆತ್ತಿಕೊಂಡು ರಸ್ತೆಯವರೆಗೂ ಓಡಿದೆ.